ಕಾಶಿಯಲ್ಲಿ ಮೊದಲ ದಿನ

ನಮ್ಮ ಆಫೀಸಿನಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲರ ಬಾಯಲ್ಲೂ ‘ಸಿಟಿ ಬ್ರೇಕ್’ ಮಾತು. ಮೂರು ರಾತ್ರಿ ಪ್ರಾಗ್, ನಾಲ್ಕು ರಾತ್ರಿ ಲಿಸ್ಬನ್. ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಹನ್ನೊಂದು ವರ್ಷವಾದ ನಾವೂ ಈ ಚಾಳಿ ಕಲಿತಿದ್ದೇವೆ. ಭುಜಕ್ಕೊಂದು ಬ್ಯಾಗು, ಕಾಲು ನೋಯುವಷ್ಟು ಓಡಾಟ, ಸಂಜೆ ಯಾವುದಾದರೂ ನದಿ ದಂಡೆಯಲ್ಲಿ ಊಟ. 2023ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ, ಮಗಳನ್ನು ಮೈಸೂರಿನಲ್ಲಿ ನಮ್ಮಮ್ಮನ ಹತ್ತಿರ ಬಿಟ್ಟು ಮೂರು ದಿನ ನಾವಿಬ್ಬರೇ ಎಲ್ಲಾದರೂ ಹೋಗಿಬರೋಣ ಎಂದು ನಾನು ಹೇಳಿದ್ದೂ ಅದೇ ಲೆಕ್ಕದಲ್ಲಿ. ಗೋಕರ್ಣ, ಜೈಪುರ, ಕೊಚ್ಚಿ ಎಂದು ಪಟ್ಟಿ ಮಾಡಿದ್ದೆ. ನನ್ನಾಕೆ ಪಟ್ಟಿ ನೋಡಲೇ ಇಲ್ಲ.

"ಕಾಶಿ" ಅಂದಳು.

"ವಾರಣಾಸಿನಾ?"

"ಕಾಶಿ."

ಇವೆರಡರ ನಡುವೆ ಎಷ್ಟು ಅಂತರವಿದೆ ಎಂದು ನಿಮಗೆ ಗೊತ್ತು. ವಾರಣಾಸಿಗೆ ಹೋಗುವವರು ಕ್ಯಾಮೆರಾ ತೆಗೆದುಕೊಂಡು ಹೋಗುತ್ತಾರೆ, ಕಾಶಿಗೆ ಹೋಗುವವರು ಮನೆಯ ಜವಾಬ್ದಾರಿಗಳನ್ನೆಲ್ಲ ಮುಗಿಸಿ ಹೋಗುತ್ತಾರೆ. ಅಮ್ಮನಿಗೆ ಹೇಳಿದರೆ, "ಈ ವಯಸ್ಸಿಗೆ ಕಾಶಿಗೆ ಯಾಕೋ, ಅಂಥದ್ದೇನಾಗಿದೆ?" ಅಂದರು. ಚಿಕ್ಕಮ್ಮ ಮಾತ್ರ ಎರಡು ಗಂಗಾ ಥಾಲಿ, ಐದು ಕಾಶಿ ದಾರ, ಒಂದು ಬನಾರಸ್ ಸೀರೆ ಎಂದು ವಾಟ್ಸ್ಯಾಪ್‌ನಲ್ಲಿ ಪಟ್ಟಿ ಕಳಿಸಿದರು. ಸೀರೆಯ ಮುಂದೆ ‘ತೀರಾ ದುಬಾರಿ ಬೇಡ’ ಎಂದಿತ್ತು. ತೀರಾ ಅಂದರೆ ಎಷ್ಟು ಎಂದು ಬರೆದಿರಲಿಲ್ಲ.

ನಿಜ ಹೇಳಬೇಕೆಂದರೆ ನಾನು ಕಾಶಿಗೆ ಹೊರಟದ್ದು ಇದು ಎರಡನೇ ಸಲ. ಮೊದಲನೆಯದು 2012ರಲ್ಲಿ, ಮೈಸೂರಿನ ಛತ್ರದಲ್ಲಿ. ಪಂಚೆ ಉಟ್ಟು, ಕೊಡೆ ಹಿಡಿದು, ಊರುಗೋಲು, ಬೀಸಣಿಗೆ ಸಮೇತ ಹತ್ತು ಹೆಜ್ಜೆ ಹೋಗಿದ್ದೆ. ನಮ್ಮ ಕಡೆಯ ಮದುವೆಗಳಲ್ಲಿ ಈ ಕಾಶಿಯಾತ್ರೆಯ ಪ್ರಹಸನ ಎಲ್ಲರಿಗೂ ಪ್ರಿಯ. ಗಂಡು ಸಂಸಾರ ಬೇಡವೆಂದು ಹೊರಡುತ್ತಾನೆ, ಹೆಣ್ಣಿನ ಕಡೆಯವರು ಬಂದು ತಡೆಯುತ್ತಾರೆ. ನನ್ನನ್ನು ತಡೆದವರು ಮಾವನವರೇ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು, ನಾಟಕದ ಹುಚ್ಚು ಬೇರೆ. ಛತ್ರದ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತು, "ಕಾಶಿ ಎಲ್ಲಿಗೂ ಓಡಿಹೋಗೋದಿಲ್ಲ ಅಳಿಯಂದಿರೇ, ಮಗಳನ್ನ ಕೊಡ್ತೀನಿ, ಜೊತೆಗೇ ಹೋಗಿಬನ್ನಿ" ಎಂದು ಕಂಪನಿ ನಾಟಕದ ಗತ್ತಿನಲ್ಲಿ ಹೇಳಿದ್ದರು. ಅವರು 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಅದರ ವಿಷಯ ಮುಂದೆ ಬರುತ್ತದೆ.

ಬೆಂಗಳೂರಿನಿಂದ ವಾರಣಾಸಿಗೆ ನೇರ ವಿಮಾನವಿದೆ, ಎರಡೂವರೆ ಗಂಟೆಯ ಹಾದಿ. ಒಂದು ಕಾಲಕ್ಕೆ ಮರಳಿ ಬರುವ ಭರವಸೆಯಿಲ್ಲದೆ, ಉಯಿಲು ಬರೆದಿಟ್ಟು ಹೊರಡುತ್ತಿದ್ದ ಯಾತ್ರೆ ಈಗ ಒಂದು ಸಿನಿಮಾದಷ್ಟು ಹೊತ್ತು. ನಮ್ಮ ವಿಮಾನದಲ್ಲಿ ಅರ್ಧದಷ್ಟು ಜನ ಯಾತ್ರಿಕರು, ಉಳಿದವರು ರಜೆಗೆ ಊರಿಗೆ ಹೊರಟ ಹುಡುಗರು. ಬಾಬತ್‌ಪುರದ ವಿಮಾನ ನಿಲ್ದಾಣದಿಂದ ಊರಿಗೆ ಇಪ್ಪತ್ತೈದು ಕಿಲೋಮೀಟರ್ ಇರಬಹುದು. ಟ್ಯಾಕ್ಸಿಯವನಿಗೆ ನಾವು ಬೆಂಗಳೂರಿನವರು ಎಂದು ಗೊತ್ತಾದದ್ದೇ ತಡ, ಅವನ ತಮ್ಮ ವೈಟ್‌ಫೀಲ್ಡಿನಲ್ಲಿ ಟೈಲ್ಸ್ ಹಾಕುವ ಕೆಲಸ ಮಾಡುತ್ತಾನೆಂದು ಶುರು ಮಾಡಿದ. ತಮ್ಮನಿಂದ ಕಲಿತ ಎರಡು ಕನ್ನಡ ವಾಕ್ಯ ಅವನಿಗೂ ಬರುತ್ತಿತ್ತು: "ಊಟ ಆಯ್ತಾ", "ನಾಳೆ ಬಾ". ವಲಸೆ ಹೋದವರಿಗೆ ಮೊದಲು ಕಿವಿಗೆ ಬೀಳುವ ಮಾತುಗಳೇ ಅವು. ನಾನು ಇಂಗ್ಲೆಂಡಿನಲ್ಲಿ ಮೊದಲು ಕಲಿತದ್ದು ‘ಸಾರಿ’.

ಅಸ್ಸಿ ಘಾಟ್ ಹತ್ತಿರದ ಹೋಟೆಲಿನಲ್ಲಿ ಇನ್ನೊಂದು ತಮಾಷೆ. ನನ್ನಾಕೆಯದು ಈಗ ಬ್ರಿಟಿಷ್ ಪಾಸ್‌ಪೋರ್ಟ್, ನನ್ನದು ಇನ್ನೂ ಭಾರತದ್ದು. ರಿಸೆಪ್ಷನ್‌ನ ಹುಡುಗ ಅವಳ ಮುಂದೆ ವಿದೇಶಿಯರು ತುಂಬುವ ಸಿ ಫಾರ್ಮ್ ಇಟ್ಟ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಒಸಿಐ ಕಾರ್ಡು, ಬಾಯಲ್ಲಿ ರಾಜಾಜಿನಗರದ ಹಿಂದಿ. ‘ಭಾರತಕ್ಕೆ ಭೇಟಿ ನೀಡಿದ ಉದ್ದೇಶ’ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಕೊನೆಗೆ ‘ಟೂರಿಸಂ’ ಎಂದು ಬರೆದಳು. ಕೌಂಟರಿನ ಹಿಂದೆ ಸಣ್ಣ ದನಿಯಲ್ಲಿ ಶಹನಾಯಿ ಹಾಕಿದ್ದರು. ಬಿಸ್ಮಿಲ್ಲಾ ಖಾನರ ಊರಲ್ಲವೇ ಇದು. ನಮ್ಮಲ್ಲಿ ಅನೇಕರಿಗೆ ಅವರ ಶಹನಾಯಿ ಮೊದಲು ಕೇಳಿಸಿದ್ದು 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ, ರಾಜಕುಮಾರರ ಕೈಯಲ್ಲಿ. ತೆರೆಯ ಮೇಲೆ ರಾಜ್, ತೆರೆಯ ಹಿಂದೆ ಕಾಶಿಯ ಉಸ್ತಾದರು.

ಮೊದಲ ದಿನ ದೇವಸ್ಥಾನ ಬೇಡ, ನಡೆಯುವುದಷ್ಟೇ ಎಂದು ಮೊದಲೇ ಮಾತಾಗಿತ್ತು. ಯಾವ ಊರಿಗೆ ಹೋದರೂ ನಾವು ಮಾಡುವುದು ಇದನ್ನೇ. ಕಾಶಿಯಲ್ಲಿ ಇದಕ್ಕೆ ಬೇರೊಂದು ಅನುಕೂಲವಿದೆ: ದಾರಿ ತಪ್ಪುವುದು ಸಾಧ್ಯವಿಲ್ಲ. ದಕ್ಷಿಣದ ಅಸ್ಸಿಯಿಂದ ಉತ್ತರಕ್ಕೆ ನದಿಯನ್ನು ಬಲಗಡೆ ಇಟ್ಟುಕೊಂಡು ನಡೆದರೆ ಘಾಟ್‌ಗಳು ಒಂದಾದಮೇಲೊಂದು ಬರುತ್ತವೆ. ದಶಾಶ್ವಮೇಧಕ್ಕೆ ಸುಮಾರು ಮೂರು ಕಿಲೋಮೀಟರ್. ಗಂಗೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುವುದರಿಂದ ಊರೆಲ್ಲ ಪಶ್ಚಿಮ ದಂಡೆಯಲ್ಲಿದೆ, ಎದುರು ದಂಡೆ ಬರೀ ಮರಳು. ಗಲ್ಲಿಯೊಳಗೆ ಹೊಕ್ಕರೆ ಮಾತ್ರ ಗೂಗಲ್ ಮ್ಯಾಪ್ ಕೈಯೆತ್ತುತ್ತದೆ, ಆಗ ಎದುರು ಬರುವ ಎಮ್ಮೆಯೇ ದಿಕ್ಕು.

ಅಂದಹಾಗೆ, ನಮಗೆ ಘಾಟ್ ಎಂದರೆ ಶಿರಾಡಿ, ಚಾರ್ಮಾಡಿ. ಹೊಟ್ಟೆ ತೊಳಸುವ ತಿರುವುಗಳು, ನಿಂಬೆಹಣ್ಣು, ಬಸ್ಸಿನ ಕಿಟಕಿ. ಇಲ್ಲಿ ಘಾಟ್ ಎಂದರೆ ನೀರಿಗೆ ಇಳಿಯುವ ಮೆಟ್ಟಿಲು. ಎಂಬತ್ತಕ್ಕೂ ಹೆಚ್ಚು ಇವೆ. ಮಳೆಗಾಲದಲ್ಲಿ ಮೆಟ್ಟಿಲುಗಳೆಲ್ಲ ಮುಳುಗುತ್ತವೆ, ಆಗ ಹೀಗೆ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಲಾಗದು. ಹೋಗುವವರು ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಆಗ ನೀರಿನ ಮೇಲೆ ಸಾವಿರಾರು ಬಿಳಿ ಹಕ್ಕಿಗಳಿರುತ್ತವೆ. ದೂರದ ಚಳಿ ದೇಶದಿಂದ ಬರುವ ಇವನ್ನು ದೋಣಿಯವರು ಸೈಬೀರಿಯಾ ಹಕ್ಕಿ ಎನ್ನುತ್ತಾರೆ. ಕರೆದು ಸೇವ್ ಎಸೆದರೆ ಗಾಳಿಯಲ್ಲೇ ಹಿಡಿಯುತ್ತವೆ. ಚಳಿಗಾಲದ ರಜೆಗೆ ಬಂದು, ಕರಿದದ್ದು ತಿಂದು, ಗಲಾಟೆ ಮಾಡಿ ಫೆಬ್ರುವರಿ ಮಾರ್ಚಿಗೆ ವಾಪಸಾಗುವ ಈ ಹಕ್ಕಿಗಳನ್ನು ನೋಡಿ ನನಗೆ ನಮ್ಮ ಜನರ ನೆನಪಾಯಿತು.

ಅಸ್ಸಿಯಲ್ಲಿ ಪೂರಿ-ಸಬ್ಜಿ ತಿಂದು ಒಂದು ಗಂಟೆಯ ಸುಮಾರಿಗೆ ಹೊರಟೆವು. ತುಳಸೀದಾಸರಿದ್ದ ತುಳಸಿ ಘಾಟ್ ದಾಟಿತು. ಜೈನ ಘಾಟ್ ದಾಟಿತು. ಕೋಟೆಯಂಥ ಚೇತ್ ಸಿಂಗ್ ಘಾಟ್ ಬಂತು. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ಕಪ್ಪ ಕೇಳಿ ರಾಜಾ ಚೇತ್ ಸಿಂಗನನ್ನು ಇಲ್ಲೇ ಬಂಧನದಲ್ಲಿಟ್ಟಿದ್ದ. ರಾಜ ನದಿಯ ಕಡೆಯ ಕಿಟಕಿಯಿಂದ ಇಳಿದು ತಪ್ಪಿಸಿಕೊಂಡ. ಯಾವ ಕಿಟಕಿ ಇರಬಹುದು ಎಂದು ನಾನು ಎಣಿಸುತ್ತಾ ನಿಂತೆ. ಅವಳು ನಿಲ್ಲಲಿಲ್ಲ. ಪ್ರಾಗ್‌ನಲ್ಲಿ ಪ್ರತಿಯೊಂದು ಫಲಕವನ್ನೂ ಓದಿ ನನ್ನನ್ನು ಕಾಯಿಸಿದವಳು ಇವತ್ತು ಇಪ್ಪತ್ತು ಹೆಜ್ಜೆ ಮುಂದೆ.

ಹನುಮಾನ್ ಘಾಟ್ ಬಂತೆಂದರೆ ಗಾಳಿಯಲ್ಲಿ ದಕ್ಷಿಣದ ವಾಸನೆ ಬರುತ್ತದೆ. ಇದು ತಲೆಮಾರುಗಳಿಂದ ತೆಂಕಣದವರ ಕೇರಿ. ತಮಿಳಿನ ಕವಿ ಸುಬ್ರಹ್ಮಣ್ಯ ಭಾರತಿ ಹುಡುಗನಾಗಿದ್ದಾಗ ಇಲ್ಲಿದ್ದರು. ಕರ್ನಾಟಕದ ಛತ್ರವೂ ಇಲ್ಲೇ ಇದೆ. ಅದರ ಪಕ್ಕಕ್ಕೆ ಕರ್ನಾಟಕ ಘಾಟ್. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ್ದು, ಮೈಸೂರು ಘಾಟ್ ಎಂದೂ ಕರೆಯುತ್ತಾರೆ. ಮೈಸೂರಿನವನಾದ ನನಗೆ ಸಣ್ಣಗೆ ಹೆಮ್ಮೆ. ನಾಲ್ವಡಿ ಕೃಷ್ಣರಾಜ ಒಡೆಯರು 1916ರಲ್ಲಿ ಶುರುವಾದ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಆಗಿದ್ದವರು ಎಂದು ಅವಳಿಗೆ ಹೇಳಲು ಹೊರಟೆ. ಅವಳು ಆಗಲೇ ಮೆಟ್ಟಿಲ ಮೇಲೆ ಕುಳಿತಿದ್ದಳು.

ಅವಳು ನೋಡುತ್ತಿದ್ದದ್ದು ಕರ್ನಾಟಕ ಘಾಟನ್ನಲ್ಲ. ಅದಕ್ಕೆ ಅಂಟಿಕೊಂಡೇ ಮುಂದಿನದು ಹರಿಶ್ಚಂದ್ರ ಘಾಟ್.

ಕಾಶಿಯಲ್ಲಿ ಹೆಣ ಸುಡುವ ಘಾಟ್‌ಗಳು ಎರಡು, ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ. ಲೋಕಕ್ಕೆಲ್ಲ ಮಣಿಕರ್ಣಿಕಾ ದೊಡ್ಡದು. ಕನ್ನಡಿಗರಿಗೆ ಹರಿಶ್ಚಂದ್ರ ಹತ್ತಿರದ್ದು. ರಾಘವಾಂಕ ನಮಗೆ ಷಟ್ಪದಿಯಲ್ಲಿ ಆ ಕಥೆ ಹೇಳಿ ಏಳೆಂಟು ಶತಮಾನವಾಯಿತು. ಓದದವರಿಗೂ 1965ರ ‘ಸತ್ಯ ಹರಿಶ್ಚಂದ್ರ’ ಸಿನಿಮಾ ಇದೆ. ರಾಜ್ಯ ಕಳೆದುಕೊಂಡ ರಾಜ ಹೆಂಡತಿ ಮಗನನ್ನು ಮಾರಿ, ತಾನೂ ವೀರಬಾಹುವಿಗೆ ಮಾರಿಕೊಂಡು ಸ್ಮಶಾನ ಕಾಯುತ್ತಾನೆ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತಂದ ಹೆಂಡತಿಯನ್ನೇ ಸುಂಕ ಕೇಳುತ್ತಾನೆ. ಆ ಸ್ಮಶಾನ ಇದೇ ಎನ್ನುತ್ತಾರೆ. ನಾವು ಈ ಹೆಸರನ್ನು ಎಷ್ಟು ಹಚ್ಚಿಕೊಂಡಿದ್ದೇವೆಂದರೆ ಬೆಂಗಳೂರಿನ ಶ್ರೀರಾಂಪುರದ ಹತ್ತಿರದ ಸ್ಮಶಾನಕ್ಕೂ ಅದನ್ನೇ ಇಟ್ಟಿದ್ದೇವೆ.

2008ರಲ್ಲಿ ಆ ಸಿನಿಮಾಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಮಾವನವರು ಮಗಳನ್ನು ಕರೆದುಕೊಂಡು ಹೋಗಿದ್ದರು. ಅವಳಿಗಾಗ ಇಪ್ಪತ್ತೆರಡು. ಸ್ಮಶಾನದ ದೃಶ್ಯ ಬಂದಾಗ ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡೇ ಇದ್ದರು, ಹಿಂದಿನ ಸೀಟಿನ ಹುಡುಗರು ನಗುತ್ತಿದ್ದರು, ನನಗೆ ನಾಚಿಕೆಯಾಗಿ ಪಾಪ್‌ಕಾರ್ನ್ ತರುವ ನೆಪದಲ್ಲಿ ಎದ್ದು ಹೋದೆ ಎಂದು ಅವಳು ಹಿಂದೆಯೂ ಹೇಳಿದ್ದಳು.

2021ರ ಮೇ ತಿಂಗಳಲ್ಲಿ ಅವರು ಹೃದಯಾಘಾತದಿಂದ ಹೋದರು. ಅಂದಿನ ದಿನಗಳು ಹೊರದೇಶದಲ್ಲಿದ್ದ ನಮಗೆಲ್ಲ ನೆನಪಿವೆ. ಏಪ್ರಿಲ್ 23ಕ್ಕೆ ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತ್ತು. ಹೋದವರು ಮರಳಿ ಬಂದರೆ ಹತ್ತು ದಿನ ಸರ್ಕಾರ ಹೇಳಿದ ಹೋಟೆಲಿನಲ್ಲಿ ಬಂದಿ, ಒಬ್ಬರಿಗೆ 1,750 ಪೌಂಡ್. ದುಡ್ಡಿನ ಮಾತು ಬಿಡಿ, ಟಿಕೆಟ್ಟೇ ಇರಲಿಲ್ಲ. ಅಲ್ಲಿ ಕರ್ನಾಟಕದಲ್ಲಿ ಲಾಕ್‌ಡೌನ್. ಬೆಳಿಗ್ಗೆ ಹೋದ ಜೀವವನ್ನು ಮಧ್ಯಾಹ್ನದೊಳಗೆ ಸಾಗಿಸಬೇಕಿತ್ತು. ಶ್ರೀರಾಂಪುರದ ಹರಿಶ್ಚಂದ್ರ ಘಾಟ್‌ಗೆ ಹೋದದ್ದು ಬೆರಳೆಣಿಕೆಯ ಜನ. ಭಾವಮೈದುನ ಒಂದು ಕೈಯಲ್ಲಿ ಕ್ರಿಯೆ ಮಾಡುತ್ತಾ, ಅವನ ಗೆಳೆಯ ಫೋನ್ ಹಿಡಿದು ನಮಗೆ ವಿಡಿಯೋದಲ್ಲಿ ತೋರಿಸುತ್ತಿದ್ದ. ನಾವು ರೆಡಿಂಗ್‌ನ ಊಟದ ಮೇಜಿನ ಮುಂದೆ ಕುಳಿತಿದ್ದೆವು. ಮಗಳಿಗೆ ಪಕ್ಕದ ಕೋಣೆಯಲ್ಲಿ ಕಾರ್ಟೂನ್ ಹಾಕಿಕೊಟ್ಟಿದ್ದೆ. ನಾಲ್ಕು ತಿಂಗಳು ಅವಳು ಹೋಗಲಾಗಲಿಲ್ಲ. ಆಗಸ್ಟ್ 8ಕ್ಕೆ ಪಟ್ಟಿಯ ಬಣ್ಣ ಬದಲಾದ ಮೇಲೆ ಸೆಪ್ಟೆಂಬರಿನಲ್ಲಿ ಹೋದಾಗ ಮನೆಯಲ್ಲಿ ಗೋಡೆಯ ಮೇಲೆ ಫೋಟೋ, ಫೋಟೋಕ್ಕೆ ಗಂಧದ ಹಾರ. ಎಲ್ಲ ಮುಗಿದಿತ್ತು.

ನಾವು ಕುಳಿತಲ್ಲಿಂದ ಹರಿಶ್ಚಂದ್ರ ಘಾಟ್ ಪೂರ್ತಿ ಕಾಣುತ್ತಿತ್ತು. ಒಂದು ಚಿತೆ ಆರುತ್ತಿತ್ತು, ಇನ್ನೊಂದು ಉರಿಯುತ್ತಿತ್ತು. ಅಷ್ಟರಲ್ಲಿ ಮೇಲಿನ ಮೆಟ್ಟಿಲಿಂದ ಇನ್ನೊಂದು ಹೆಣ ಬಂತು, ಬಿದಿರಿನ ಚಟ್ಟ, ಕೇಸರಿ ಬಣ್ಣದ ಹೊಳೆಯುವ ಹೊದಿಕೆ. ಹೆಣವನ್ನು ಚಟ್ಟದ ಸಮೇತ ಗಂಗೆಯಲ್ಲಿ ಮುಳುಗಿಸಿ ಮೆಟ್ಟಿಲ ಮೇಲಿಟ್ಟರು. ಒಂದು ಕಡೆ ದೊಡ್ಡ ತಕ್ಕಡಿಯಲ್ಲಿ ಸೌದೆ ತೂಗುತ್ತಿದ್ದರು. ಮಣಗಟ್ಟಲೆ ಲೆಕ್ಕ, ಚೌಕಾಸಿ ಕೂಡ ನಡೆಯುತ್ತಿತ್ತು. ಆಡುಗಳು ಕೊರಳ ಹಾರದ ಚೆಂಡು ಹೂವು ತಿನ್ನುತ್ತಿದ್ದವು. ಸ್ವಲ್ಪ ದೂರದಲ್ಲಿ ಹುಡುಗರು ಗಾಳಿಪಟ ಹಾರಿಸುತ್ತಿದ್ದರು. ಬಿಳಿ ಬಟ್ಟೆಯ, ತಲೆ ಬೋಳಿಸಿಕೊಂಡ ನಡುವಯಸ್ಸಿನವನೊಬ್ಬ ಡೋಮರ ಬೆಂಕಿಯಿಂದ ಹುಲ್ಲಿನ ಕಟ್ಟಿಗೆ ಕಿಡಿ ತೆಗೆದುಕೊಂಡು, ಚಿತೆಯ ಸುತ್ತ ಬಂದು, ಹೊತ್ತಿಸಿದ. ಇಲ್ಲಿ ಫೋಟೋ ತೆಗೆಯಬಾರದು. ನಮಗೂ ತೆಗೆಯುವ ಮನಸ್ಸಿರಲಿಲ್ಲ.

"ಹೊರಡೋಣವಾ?" ಎಂದೆ.

"ಒಂದು ಪೂರ್ತಿ ನೋಡಬೇಕು" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಅವತ್ತು ವಿಡಿಯೋ ನಿಂತುಹೋಗಿತ್ತು ಕಣೋ. ನೀನು ಮಗಳನ್ನ ನೋಡೋಕೆ ಒಳಗೆ ಹೋಗಿದ್ದೆ. ಅಣ್ಣನ ಚಪ್ಪಲಿ ಕಾಣ್ತಿತ್ತು, ಆಮೇಲೆ ಆ ಚಕ್ರ ತಿರುಗೋಕೆ ಶುರುವಾಯ್ತು. ತಿರುಗ್ತಾನೇ ಇತ್ತು. ವಾಪಸ್ ಬಂದಾಗ ಎಲ್ಲರೂ ಗೇಟ್ ಹತ್ತಿರ ಕೈಕಾಲು ತೊಳೀತಿದ್ರು. ಅಪ್ಪ ಅಂದ್ರೆ ನಂಗೆ ಆ ಚಕ್ರ ಬರತ್ತೆ."

ಎರಡೂವರೆ ವರ್ಷದಲ್ಲಿ ಇದನ್ನು ಅವಳು ಹೇಳಿರಲಿಲ್ಲ. ನಾನು ನೆಟ್‌ವರ್ಕಿಂಗ್‌ನಲ್ಲಿ ಎಂ.ಟೆಕ್ ಮಾಡಿದವನು. ಆ ಚಕ್ರ ಯಾಕೆ ತಿರುಗುತ್ತದೆ ಎಂಬುದು ನನ್ನ ಹೊಟ್ಟೆಪಾಡು. ಪ್ಯಾಕೆಟ್‌ಗಳು ಬಂದಿಲ್ಲ, ಬಂದರೂ ತಡವಾಗಿ ಬಂದಿವೆ, ತಡವಾಗಿ ಬಂದದ್ದನ್ನು ವಿಡಿಯೋ ಕರೆ ಎಸೆದುಬಿಡುತ್ತದೆ, ಹಿಂದೆ ಹೋಗಿ ಮತ್ತೆ ತೋರಿಸುವುದಿಲ್ಲ. ಬರೆದಿಟ್ಟ ನಿಯಮ ಅದು, ಸರಿಯಾದ ನಿಯಮವೇ. ಅದನ್ನು ಹೆಂಡತಿಗೆ ಹೇಳುವ ಹೊತ್ತು ಅದಾಗಿರಲಿಲ್ಲ. ಪಕ್ಕದಲ್ಲಿ ಕುಳಿತುಕೊಂಡೆ.

ಹೀಗೆ ಒಂದು ಗಂಟೆಯಾಗಿರಬೇಕು. ಕರ್ನಾಟಕ ಛತ್ರದ ಕಡೆಯಿಂದ ಏಳೆಂಟು ಜನ ಹೆಂಗಸರು ಮೆಟ್ಟಿಲಿಳಿದು ಬಂದರು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ, ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಕ್ಯಾನು. 2022ರ ನವೆಂಬರಿನಿಂದ ಬೆಂಗಳೂರಿಂದ ಕಾಶಿಗೆ ಭಾರತ್ ಗೌರವ್ ರೈಲು ಓಡುತ್ತಿದೆ, ಸರ್ಕಾರದ ಸಹಾಯಧನವೂ ಇದೆ. ಹಾಗಾಗಿ ಈಗ ಕಾಶಿಯ ಮೆಟ್ಟಿಲುಗಳ ಮೇಲೆ ಕನ್ನಡ ಕೇಳುವುದು ಕಷ್ಟವಲ್ಲ. ಗುಂಪಿನಲ್ಲಿ ಹಿರಿಯರೊಬ್ಬರು, ಕೈಯಲ್ಲಿ ಬಳೆ ಇಲ್ಲದವರು, ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದರು.

"ಇಲ್ಲೆ ಕುಂದರ್ಲೇನವಾ? ಕಾಲು ಸೋತಾವು."

ರೋಣದ ಕಡೆಯವರಂತೆ. ನೀವು ಎಲ್ಲಿಯವರು ಎಂದು ಕೇಳಿದರು. ಇಂಗ್ಲೆಂಡ್ ಅಂದದ್ದಕ್ಕೆ ಸ್ವಲ್ಪ ಯೋಚಿಸಿ, "ಅಲ್ಲೂ ಹೊಳಿ ಐತೇನು?" ಅಂದರು.

"ಇದೆ ಅಜ್ಜಿ, ಥೇಮ್ಸ್ ಅಂತ. ನಮ್ಮೂರಲ್ಲೇ ಹರಿಯತ್ತೆ."

"ಮತ್ತ ಛಲೋ ಆತು ಬಿಡು" ಎಂದು ಸಮಾಧಾನಪಟ್ಟರು. ಹೊಳೆ ಇರುವ ಊರಿನಲ್ಲಿದ್ದೇವೆಂದರೆ ನಮ್ಮ ಬಗ್ಗೆ ಚಿಂತೆ ಮಾಡಬೇಕಿಲ್ಲ ಎಂಬಂತೆ. ಆಮೇಲೆ ಎಲ್ಲ ಯಾತ್ರಿಕರೂ ಕೇಳುವ ಪ್ರಶ್ನೆ: "ಕಾಶಿಯೊಳಗ ಏನ್ ಬಿಟ್ರಿ?"

ಕಾಶಿಗೆ ಹೋದರೆ ಇಷ್ಟವಾದ ಒಂದು ಹಣ್ಣೋ ತರಕಾರಿಯೋ ಬಿಟ್ಟುಬರಬೇಕು, ಮತ್ತೆ ಜೀವಮಾನದಲ್ಲಿ ತಿನ್ನಬಾರದು ಎಂಬ ರೂಢಿ ನಿಮ್ಮ ಮನೆಗಳಲ್ಲೂ ಇರಬಹುದು. ನಮ್ಮ ಅಜ್ಜ ಹಾಗಲಕಾಯಿ ಬಿಟ್ಟು ಬಂದಿದ್ದ ಜಾಣ. ಇನ್ನೂ ಏನೂ ಬಿಟ್ಟಿಲ್ಲ, ಇವತ್ತೇ ಬಂದದ್ದು ಎಂದೆವು.

"ನಾ ಬದನಿಕಾಯಿ ಬಿಟ್ಟೆ" ಅಂದರು ಅಜ್ಜಿ. ಉತ್ತರ ಕರ್ನಾಟಕದವರು ಬದನೆಕಾಯಿ ಬಿಡುವುದೆಂದರೆ ಮೈಸೂರಿನವರು ಕಾಫಿ ಬಿಟ್ಟ ಹಾಗೆ. ಅಷ್ಟು ದೊಡ್ಡದನ್ನು ಯಾಕೆ ಬಿಟ್ಟಿರಿ ಎಂದು ನನ್ನಾಕೆ ಕೇಳಿದಳು. "ನಮ್ಮನಿಯವ್ರಿಗೆ ಎಣ್ಣಿಗಾಯಿ ಅಂದ್ರ ಜೀವ ಇತ್ತು. ಅವ್ರು ಹೋದ ಮ್ಯಾಲ ಮಾಡಾಕ ಕೈ ಏಳವಲ್ದು. ಹ್ಯಾಂಗೂ ತಿನ್ನಾಂಗಿಲ್ಲ, ಇಲ್ಲೆ ಬಿಟ್ಟರ ಪುಣ್ಯಾನರ ಬರ್ತೈತಿ."

ಅದನ್ನು ಹೇಳುವಾಗ ಅವರು ನಗುತ್ತಿದ್ದರು. ನನ್ನಾಕೆ ಅಳಲು ಶುರು ಮಾಡಿದ್ದು ಆಗ. ಸ್ಮಶಾನದಲ್ಲಿ ಹೆಂಗಸರು ಅಳಬಾರದು, ಅತ್ತರೆ ಹೋಗುವ ಜೀವಕ್ಕೆ ತೊಡಕು ಎಂದು ಕಾಶಿಯಲ್ಲಿ ಹೇಳುತ್ತಾರೆ. ಚಿತೆಯ ಹತ್ತಿರ ಹೆಂಗಸರು ಇರಲೂ ಇಲ್ಲ. ಅಜ್ಜಿ ಯಾರದು, ಏನಾಯಿತು ಎಂದು ಕೇಳಲಿಲ್ಲ. "ಅತ್ತಬಿಡು ತಂಗಿ, ಇಲ್ಲಿ ನಿನ್ನ ಗುರುತು ಯಾರಿಗೈತಿ" ಎಂದು ತಮ್ಮ ಸೆರಗಿನ ತುದಿ ಕೊಟ್ಟರು. ಆಮೇಲೆ ಗುಂಪಿನವರು ಕೂಗಿದರೆಂದು ಕ್ಯಾನು ಎತ್ತಿಕೊಂಡು ಹೊರಟೇಹೋದರು. ಹೆಸರು ಕೇಳುವುದಕ್ಕೂ ಆಗಲಿಲ್ಲ.

ಚಿತೆ ಉರಿದು ಮುಗಿಯಲು ಸುಮಾರು ಮೂರು ಗಂಟೆ ಬೇಕು. ನಾವು ಅಷ್ಟೂ ಹೊತ್ತು ಕುಳಿತೆವು. ಕೊನೆಗೆ ಆ ಬಿಳಿ ಬಟ್ಟೆಯವನು ಮಣ್ಣಿನ ಮಡಕೆಯಲ್ಲಿ ಗಂಗೆಯ ನೀರು ತಂದು, ಚಿತೆಗೆ ಬೆನ್ನು ಮಾಡಿ ನಿಂತು, ಎಡ ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಮಡಕೆ ಒಡೆಯಿತು. ಅವನು ತಿರುಗಿ ನೋಡದೆ ಮೆಟ್ಟಿಲು ಹತ್ತಿದ. ನನ್ನಾಕೆಯೂ ಎದ್ದು ಸೀರೆ ಕೊಡವಿಕೊಂಡಳು. "ಟೀ ಕುಡಿಯೋಣ" ಅಂದಳು.

ಮುಂದಿನ ದಾರಿಯಲ್ಲಿ ಅವಳ ಮಾತು ವಾಪಸು ಬಂದಿತ್ತು. ವಿಜಯನಗರಂ ಘಾಟ್ ಕಂಡು ನಾನು ಹಂಪಿ ಎಂದು ಹಿಗ್ಗುವ ಮೊದಲೇ, ಇದು ಆಂಧ್ರದ ವಿಜಯನಗರಂ ಸಂಸ್ಥಾನದ್ದು ಎಂದು ಫಲಕ ಓದಿ ಹೇಳಿದಳು. ಕೆಂಪು ಬಿಳಿ ಪಟ್ಟೆಯ ಕೇದಾರ ಘಾಟ್ ನೋಡಲು ಚೆಂದ. ನಾರದ ಘಾಟ್‌ನಲ್ಲಿ ಗಂಡ ಹೆಂಡತಿ ಒಟ್ಟಿಗೆ ಮಿಂದರೆ ಜಗಳವಾಗುತ್ತದೆಂಬ ನಂಬಿಕೆ ಇದೆ. ಹೆಸರೇ ನಾರದ ಅಲ್ಲವೇ. ಮೀಯದೆಯೇ ನಮಗೆ ಅಲ್ಲಿ ಜಗಳವಾಯಿತು, ದೋಣಿಯವನ ಜೊತೆ ನಾನು ಚೌಕಾಸಿ ಮಾಡಿದ ರೀತಿ ಸರಿಯಿಲ್ಲವೆಂದು. ಸಾವಿರ ಕೇಳಿದವನನ್ನು ಆರುನೂರಕ್ಕೆ ಇಳಿಸಿದ್ದೆ. ಅವಳು ಅವನಿಗೆ ಎಂಟುನೂರು ಕೊಟ್ಟಳು.

ಸಂಜೆ ಐದು ಗಂಟೆ ದಾಟುತ್ತಿದ್ದಂತೆ ಕತ್ತಲಾಗುತ್ತದೆ. ಬೆಂಗಳೂರಿಗಿಂತ ಮುಕ್ಕಾಲು ಗಂಟೆ ಮೊದಲು. ಭಾರತದ ಗಡಿಯಾರಕ್ಕೆ ಆಧಾರವಾದ ರೇಖಾಂಶ ಹಾದುಹೋಗುವುದು ಇಲ್ಲೇ ಹತ್ತಿರದ ಮಿರ್ಜಾಪುರದ ಬಳಿ. ಸೂರ್ಯ ಊರಿನ ಹಿಂದೆ ಮುಳುಗುವುದರಿಂದ ಘಾಟ್‌ಗಳು ಮೊದಲು ನೆರಳಾಗುತ್ತವೆ, ಎದುರಿನ ಮರಳು ಇನ್ನೂ ಸ್ವಲ್ಪ ಹೊತ್ತು ಹೊಳೆಯುತ್ತಿರುತ್ತದೆ. ದೋಣಿ ದಶಾಶ್ವಮೇಧದ ಮುಂದೆ ನಿಲ್ಲುವಾಗ ನೂರಾರು ದೋಣಿಗಳು ಒಂದಕ್ಕೊಂದು ಒತ್ತಿ ನಿಂತಿದ್ದವು.

ಗಂಗಾ ಆರತಿಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಯೂಟ್ಯೂಬಿನಲ್ಲಿ ಎಲ್ಲರೂ ನೋಡಿದ್ದೀರಿ. ಒಂದೇ ಬಣ್ಣದ ಬಟ್ಟೆಯ ಅರ್ಚಕರು, ಒಂದೇ ಲಯ, ಧ್ವನಿವರ್ಧಕ, ಬೆಳಕಿನ ಕಮಾನು. ಈಗಿನ ಈ ರೂಪಕ್ಕೆ ವಯಸ್ಸು ಮೂವತ್ತು ವರ್ಷದ ಆಸುಪಾಸು. ಕಣ್ಣಿಗೆ ಹಬ್ಬ, ಒಮ್ಮೆ ನೋಡಲೇಬೇಕ��. ಆದರೆ ನನಗೆ ಅದಕ್ಕಿಂತ ಹಿಡಿಸಿದ್ದು, ನಮ್ಮ ದೋಣಿಯ ಮುದುಕ ಆರತಿ ಮುಗಿಯುವವರೆಗೂ ನದಿಗೆ ಬೆನ್ನು ಮಾಡದೆ ನಿಂತದ್ದು. ದಿನಾ ನೋಡುವವನು ಅವನು.

ಗೊದೋಲಿಯಾದಿಂದ ಇ-ರಿಕ್ಷಾ ಹಿಡಿದು ಅಸ್ಸಿಗೆ ಮರಳುವ ದಾರಿಯಲ್ಲೇ ಜಂಗಮವಾಡಿ ಮಠ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕಾಶಿ ಪೀಠ ಇದು. ಮೊಗಲ್ ಬಾದಶಹರು ಕೊಟ್ಟ ಭೂದಾನದ ಫರ್ಮಾನುಗಳೂ ಇಲ್ಲಿವೆ. ತೀರಿಕೊಂಡವರ ಹೆಸರಿನಲ್ಲಿ ಇಲ್ಲಿ ಪಿಂಡದ ಬದಲು ಶಿವಲಿಂಗವನ್ನು ಅರ್ಪಿಸುತ್ತಾರೆ. ಹಾಗೆ ಸೇರಿದ ಲಿಂಗಗಳು ಅಂಗಳ, ಗೂಡು, ಗೋಡೆಗಳಲ್ಲೆಲ್ಲ ಸಾಲುಸಾಲಾಗಿವೆ. ಬಾಗಿಲ ಹತ್ತಿರ ಇಬ್ಬರು ಕನ್ನಡದಲ್ಲಿ ರೈಲಿನ ಸಮಯದ ಬಗ್ಗೆ ವಾದಿಸುತ್ತಿದ್ದರು. ಒಳಗೆ ಹೋಗುವುದು ನಾಡಿದ್ದಿಗೆ ಎಂದುಕೊಂಡೆವು. ನಾಳೆ ಬೆಳಗಿನ ಜಾವ ಮೂರು ಗಂಟೆಯ ಮಂಗಳಾರತಿಗೆ ವಿಶ್ವನಾಥನ ಸನ್ನಿಧಿ. ಹೋಗುವವರಿಗೆ ಒಂದು ಮಾತು: ಒಳಗೆ ಮೊಬೈಲ್ ಬಿಡುವುದಿಲ್ಲ, ಹೋಟೆಲಿನಲ್ಲೇ ಬಿಟ್ಟು ಹೋಗಿ.

ಊಟಕ್ಕೆ ಬಾಟಿ-ಚೋಖಾ. ಕೆಂಡದಲ್ಲಿ ಸುಟ್ಟ ಗೋಧಿ ಉಂಡೆ, ತುಪ್ಪದಲ್ಲಿ ಅದ್ದಿದ್ದು. ಚೋಖಾ ಎಂದರೆ ಸುಟ್ಟ ಬದನೆಕಾಯಿಯ ಗೊಜ್ಜು, ಸಾಸಿವೆ ಎಣ್ಣೆಯ ಘಾಟು. ನನ್ನಾಕೆ ಒಂದು ತುತ್ತು ತಿಂದು, "ಪಾಪ, ಅಜ್ಜಿ ಇದನ್ನ ತಿನ್ನೋ ಹಾಗಿಲ್ಲ" ಅಂದಳು. ಎರಡನೇ ಸಲ ಹಾಕಿಸಿಕೊಂಡಳು. ಏನು ಬಿಡುತ್ತೀ ಎಂದು ನಾನು ಕೇಳಲಿಲ್ಲ.

ರೂಮಿಗೆ ಬಂದಾಗ ಒಂಬತ್ತು. ಅವಳು ಬೆಂಗಳೂರಿಗೆ ಫೋನ್ ಮಾಡಿದಳು, ಸ್ಪೀಕರಿನಲ್ಲಿ. ಅತ್ತೆಯವರ ಮೊದಲ ಪ್ರಶ್ನೆ, "ದರ್ಶನ ಆಯ್ತೇನೇ?"

"ಇಲ್ಲಮ್ಮ, ನಾಳೆ."

"ಮತ್ತೆ ಇಡೀ ದಿನ ಏನು ಮಾಡಿದ್ರಿ?"

"ಹರಿಶ್ಚಂದ್ರ ಘಾಟ್‌ನಲ್ಲಿ ಕೂತಿದ್ವಿ."

ಆ ಕಡೆ ಟಿವಿಯ ಸದ್ದು ನಿಂತಿತು. ಅವತ್ತು ಅತ್ತೆಯವರನ್ನೂ ಯಾರೂ ಸ್ಮಶಾನಕ್ಕೆ ಕರೆದೊಯ್ದಿರಲಿಲ್ಲ. ನಮ್ಮ ಕಡೆ ಹೆಂಗಸರು ಹೋಗುವುದಿಲ್ಲ, ಅದರ ಮೇಲೆ ಲಾಕ್‌ಡೌನ್ ಬೇರೆ. ಅವರು ಮನೆಬಾಗಿಲಲ್ಲಿ ನಿಂತು ಆಂಬುಲೆನ್ಸ್ ತಿರುವು ದಾಟುವುದನ್ನು ನೋಡಿದ್ದರು, ಅಷ್ಟೇ.

"ಅಲ್ಲಿ ಹೇಗ್ ಮಾಡ್ತಾರೆ? ಮೊದಲಿಂದ ಹೇಳು" ಅಂದರು.

ಅವಳು ಸ್ಪೀಕರ್ ಆರಿಸಿ, ಮಂಚದ ಮೇಲೆ ಕಾಲು ಮಡಿಸಿ ಕುಳಿತು, ಹೇಳಲು ಶುರು ಮಾಡಿದಳು. ನಾನು ಬಿಸಿ ಹಾಲು ತರಲು ಕೆಳಗಿಳಿದೆ. ಮೂಲೆಯಂಗಡಿಯಲ್ಲಿ ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಹಾಲು ಕುದಿಯುತ್ತಿತ್ತು, ಮುಂದೆ ಆರೇಳು ಜನ ಕಾಯುತ್ತಿದ್ದರು. ಎರಡು ಮಣ್ಣಿನ ಕುಲ್ಹಡ್ ಹಿಡಿದು, ಕೆನೆ ಚೆಲ್ಲದ ಹಾಗೆ ಮೆಟ್ಟಿಲು ಹತ್ತಿ ವಾಪಸು ಬಂದಾಗ ಅವಳು ಇನ್ನೂ ಸೌದೆ ತೂಗುವಲ್ಲೇ ಇದ್ದಳು.